ಜನರ ಗಮನ ಸೆಳೆಯೋಕೆ ಯಾವ ಕಾರ್ಯಕ್ರಮ? ಲಾಂಚ್, ಸ್ಪಾನ್ಸರ್‌ಶಿಪ್, ಸ್ಟಂಟ್: ಒಂದು ಹೋಲಿಕೆ

2012ರ ಅಕ್ಟೋಬರ್ 14ರಂದು ಫೆಲಿಕ್ಸ್ ಬಾಮ್‌ಗಾರ್ಟ್ನರ್ ಎಂಬ ಸಾಹಸಿ ಬಲೂನಿನಲ್ಲಿ ಸುಮಾರು 39 ಕಿಲೋಮೀಟರ್ ಮೇಲಕ್ಕೆ ಹೋಗಿ, ಅಲ್ಲಿಂದ ಕೆಳಕ್ಕೆ ಜಿಗಿದರು. ಯೂಟ್ಯೂಬ್‌ನಲ್ಲಿ ಒಂದೇ ಹೊತ್ತಿಗೆ 80 ಲಕ್ಷ ಜನ ಕಣ್ಣು ಮಿಟುಕಿಸದೆ ನೋಡಿದರು. ಅವರ ಉಡುಪಿನ ಮೇಲೂ ರೆಡ್ ಬುಲ್ ಎಂಬ ಪಾನೀಯದ ಹೆಸರು, ಅವರು ಕೂತಿದ್ದ ಗೂಡಿನ ಮೇಲೂ ರೆಡ್ ಬುಲ್.

ಎರಡು ವರ್ಷ ಕಳೆದು, 2014ರ ಅಕ್ಟೋಬರ್ 24ರಂದು, ಅದೇ ನ್ಯೂ ಮೆಕ್ಸಿಕೋದ ರಾಸ್‌ವೆಲ್‌ನಿಂದ ಇನ್ನೊಬ್ಬರು ಮೇಲಕ್ಕೆ ಹೋದರು. ಈ ಸಲ 41 ಕಿಲೋಮೀಟರ್ ದಾಟಿತು. ಹಳೆಯ ದಾಖಲೆ ಮುರಿಯಿತು. ಜಿಗಿದವರು ಆಗ 57 ವರ್ಷದ ಆಲನ್ ಯೂಸ್ಟೇಸ್, ಗೂಗಲ್‌ನ ಹಿರಿಯ ಅಧಿಕಾರಿ. ಗೂಗಲ್ ನೆರವಿಗೆ ಮುಂದೆ ಬಂದಿತ್ತು. ಇದು ಕಂಪನಿಯ ಪ್ರಚಾರ ಆಗಿಬಿಡುತ್ತೆ ಅಂತ ಅವರೇ ಬೇಡ ಎಂದರು. ನೇರ ಪ್ರಸಾರ ಇಲ್ಲ, ಮುಂಚಿನ ಸದ್ದಿಲ್ಲ. ಜಾಸ್ತಿ ಎತ್ತರದಿಂದ ಜಿಗಿದವರ ಹೆಸರು ನಿಮಗೆ ಈ ಸಾಲು ಓದುವ ಮೊದಲು ಗೊತ್ತಿತ್ತಾ?

ನನಗಂತೂ ಗೊತ್ತಿರಲಿಲ್ಲ. ನಾನು ಹಲವು ವರ್ಷ ಬೇರೆಯವರ ಕಾರ್ಯಕ್ರಮಗಳಿಗೆ ಓಡಾಡಿ ಕೆಲಸ ಮಾಡಿದವನು. ವೇದಿಕೆ, ಮೈಕು, ಅತಿಥಿಗಳ ಕಾರು, ಪತ್ರಕರ್ತರ ಕುರ್ಚಿ, ಎಲ್ಲ ನೋಡಿಕೊಂಡಿದ್ದೇನೆ. ಅಷ್ಟೂ ಓಡಾಟದಿಂದ ಒಂದು ಪ್ರಶ್ನೆ ಮಾತ್ರ ಕೈಯಲ್ಲಿ ಉಳಿದಿದೆ. ಯಾವುದೇ ಕಾರ್ಯಕ್ರಮ ಯೋಚಿಸಿದರೂ ಮೊದಲು ಇದನ್ನು ಕೇಳಿಕೊಳ್ಳಿ: ನಿಮ್ಮ ಹೆಸರು ಬಿಟ್ಟು ಆ ಕಥೆ ಹೇಳೋಕೆ ಆಗುತ್ತಾ? ಆಗುತ್ತೆ ಅಂದರೆ, ಜನ ಹಾಗೇ ಹೇಳುತ್ತಾರೆ. ಕೆಳಗಿನ ಹೋಲಿಕೆಯೆಲ್ಲ ಈ ಪ್ರಶ್ನೆ ಹಿಡಿದುಕೊಂಡೇ ಮಾಡಿದ್ದು.

ಮಾಡಿ ತೋರಿಸುವುದು

ಇದು ನನ್ನ ಮೊದಲ ಆಯ್ಕೆ. ಅದನ್ನು ಮುಚ್ಚಿಡುವುದಿಲ್ಲ.

1854ರಲ್ಲಿ ನ್ಯೂಯಾರ್ಕಿನ ಕ್ರಿಸ್ಟಲ್ ಪ್ಯಾಲೇಸ್ ಪ್ರದರ್ಶನದಲ್ಲಿ ಎಲಿಷಾ ಓಟಿಸ್ ಒಂದು ತೆರೆದ ಲಿಫ್ಟಿನ ಮೇಲೆ ನಿಂತು ಮೇಲಕ್ಕೆ ಹೋದರು. ಆಗಿನ ಕಾಲದಲ್ಲಿ ಜನ ಲಿಫ್ಟ್ ಹತ್ತೋಕೆ ಹೆದರುತ್ತಿದ್ದರು. ಹಗ್ಗ ಕಿತ್ತರೆ ಸಾವೇ. ಓಟಿಸ್ ಆ ಹಗ್ಗವನ್ನೇ ಎಲ್ಲರ ಎದುರು ಕತ್ತರಿಸಲು ಹೇಳಿದರು. ಲಿಫ್ಟ್ ಸ್ವಲ್ಪ ಜಾರಿ ಗಕ್ಕನೆ ನಿಂತಿತು. ಅವರು ಮಾರುತ್ತಿದ್ದದ್ದು ಅದನ್ನೇ: ಹಗ್ಗ ಹರಿದರೂ ಬೀಳದಂತೆ ಹಿಡಿಯುವ ಸಾಧನ. ಈ ಕಥೆಯನ್ನು ಸರಕಿನ ಹೆಸರಿಲ್ಲದೆ ಹೇಳಿ ನೋಡೋಣ. ಆಗಲ್ಲ.

ಇನ್ನೊಂದು ನೋಡಿ. ನ್ಯೂಯಾರ್ಕಿನ ಬ್ರೂಕ್ಲಿನ್ ಸೇತುವೆ 1883ರ ಮೇ 24ರಂದು ತೆರೆಯಿತು. ಆರು ದಿನಕ್ಕೆ, ಸೇತುವೆ ಕುಸಿಯುತ್ತಿದೆ ಎಂಬ ಗಾಳಿಮಾತಿಗೆ ಹೆದರಿ ಜನ ಓಡಿ, ಕಾಲ್ತುಳಿತದಲ್ಲಿ 12 ಮಂದಿ ಸತ್ತರು. ಮರುವರ್ಷ ಮೇ 17ರಂದು ಸರ್ಕಸ್ಸಿನ ಪಿ.ಟಿ. ಬಾರ್ನಮ್ ತನ್ನ 21 ಆನೆಗಳನ್ನು ಆ ಸೇತುವೆಯ ಮೇಲೆ ನಡೆಸಿದ. ಅದರಲ್ಲಿ ಹೆಸರಾಂತ ಜಂಬೋ ಕೂಡ ಇತ್ತು. ಸೇತುವೆ ಗಟ್ಟಿ ಅನ್ನುವುದೂ ಜನರಿಗೆ ಗೊತ್ತಾಯಿತು, ಸರ್ಕಸ್ ಬಂದಿದೆ ಅನ್ನುವುದೂ ಗೊತ್ತಾಯಿತು. ಬಾರ್ನಮ್ ಮಹಾ ಕಿಲಾಡಿ, ಅವನ ಎಲ್ಲ ಆಟಗಳನ್ನೂ ಒಪ್ಪೋಕಾಗದು. ಆದರೆ ಇಲ್ಲಿ ಅವನು ಜನರ ಮನಸ್ಸಿನಲ್ಲಿ ಮೊದಲೇ ಇದ್ದ ಒಂದು ಅನುಮಾನಕ್ಕೆ ಉತ್ತರ ಕೊಟ್ಟ. ಗಮನ ಅಲ್ಲಿ ಆಗಲೇ ಇತ್ತು. ಇವನು ಆನೆ ತಂದ ಅಷ್ಟೇ.

ಈ ದಾರಿಗೆ ದುಡ್ಡು ಕಡಿಮೆ, ಧೈರ್ಯ ಜಾಸ್ತಿ ಬೇಕು. ನಿಮ್ಮ ಸರಕು ನಿಜವಾಗಿ ಕೆಲಸ ಮಾಡಬೇಕು. ಮಾಡದಿದ್ದರೆ ಇದರಷ್ಟು ಅಪಾಯದ ದಾರಿ ಇನ್ನೊಂದಿಲ್ಲ. 2019ರ ನವೆಂಬರ್‌ನಲ್ಲಿ ಟೆಸ್ಲಾ ತನ್ನ ಸೈಬರ್‌ಟ್ರಕ್ ತೋರಿಸುವಾಗ, ಒಡೆಯಲ್ಲ ಅಂತ ಹೇಳಿಕೊಂಡ ಗಾಜಿಗೆ ಲೋಹದ ಗುಂಡು ಎಸೆದರು. ಗಾಜು ಬಿರುಕು ಬಿಟ್ಟಿತು. ಇನ್ನೊಂದು ಕಿಟಕಿಗೂ ಎಸೆದರು, ಅದೂ ಬಿರುಕು ಬಿಟ್ಟಿತು. ಉಳಿದ ಕಾರ್ಯಕ್ರಮವೆಲ್ಲ ಆ ಒಡೆದ ಗಾಜುಗಳ ಮುಂದೆಯೇ ನಡೆಯಿತು. ಸುದ್ದಿ ಲೋಕವೆಲ್ಲ ಹರಡಿತು, ನಿಜ. ಅಷ್ಟು ದೊಡ್ಡ ಕಂಪನಿ ಅದನ್ನು ನಕ್ಕು ಅರಗಿಸಿಕೊಂಡಿತು. ನಿಮ್ಮ ಮೊದಲ ಸರಕೇ ಹಾಗಾದರೆ ನಗೋಕೆ ಆಗುತ್ತಾ?

ಲಾಂಚ್ ಕಾರ್ಯಕ್ರಮ

ಮಾಡಿ ತೋರಿಸುವುದರ ಶ್ರೀಮಂತ ತಮ್ಮ ಇದು. 2007ರ ಜನವರಿ 9ರಂದು ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಸ್ಟೀವ್ ಜಾಬ್ಸ್ ಐಫೋನ್ ತೋರಿಸಿದ ದಿನವನ್ನೇ ಎಲ್ಲರೂ ಮಾದರಿ ಅಂತ ಹಿಡಿಯುತ್ತಾರೆ. ಆ ಫೋನು ಅಂಗಡಿಗೆ ಬಂದದ್ದು ಜೂನ್ 29ಕ್ಕೆ. ವೇದಿಕೆಯ ಮೇಲಿದ್ದ ಫೋನುಗಳು ಅರೆಬೆಂದವು, ನಡುವೆ ನಿಂತುಹೋಗುವಂಥವು. ಯಾವುದಾದ ಮೇಲೆ ಯಾವುದು ತೋರಿಸಿದರೆ ಕೆಡಲ್ಲ ಅಂತ ಎಂಜಿನಿಯರುಗಳು ಒಂದು ಕ್ರಮ ಕಂಡುಹಿಡಿದು, ಅದನ್ನೇ ಮತ್ತೆ ಮತ್ತೆ ಅಭ್ಯಾಸ ಮಾಡಿಸಿದ್ದರು. ನೋಡುವವರಿಗೆ ಸಲೀಸಾಗಿ ಕಂಡಿದ್ದು ಆ ಅಭ್ಯಾಸ.

ಲಾಂಚ್ ಮಾಡುವವರು ಅನುಕರಿಸುವುದು ಮಾತ್ರ ಕಪ್ಪು ಅಂಗಿ, ದೊಡ್ಡ ಪರದೆ. ನಾನು ಕೆಲಸ ಮಾಡಿದ ಒಂದು ಬಿಡುಗಡೆಯಲ್ಲಿ ನೀರು ಸೋಸುವ ಯಂತ್ರ ತೋರಿಸಬೇಕಿತ್ತು. ಒಬ್ಬ ಸಿನಿಮಾ ನಟರನ್ನು ಕರೆದಿದ್ದರು. ನಾಲ್ಕು ಭಾಷಣ, ಒಂದು ನೃತ್ಯ, ಹೂಗುಚ್ಛ. ಯಂತ್ರದಿಂದ ಒಂದು ಲೋಟ ನೀರು ಹಿಡಿದು ತೋರಿಸುವಷ್ಟರಲ್ಲಿ ನಟರು ಹೊರಟಿದ್ದರು. ಅವರ ಹಿಂದೆ ಕ್ಯಾಮೆರಾಗಳೂ ಹೊರಟವು. ಆ ಲೋಟದ ನೀರನ್ನು ನಾನೇ ಕುಡಿದೆ. ಚೆನ್ನಾಗಿತ್ತು.

ದೊಡ್ಡ ಹೆಸರಿನವರನ್ನು ಕರೆಯಲೇಬೇಡಿ ಅಂತಲ್ಲ. ಅವರ ಕೈಯಲ್ಲಿ ನಿಮ್ಮ ಸರಕು ಇರಬೇಕು, ಅವರು ಅದನ್ನು ಬಳಸಬೇಕು, ಅದು ಮೊದಲ ಹತ್ತು ನಿಮಿಷದಲ್ಲಿ ಆಗಬೇಕು. ತೋರಿಸೋಕೆ ಹೊಸದೇನೂ ಇಲ್ಲದಿದ್ದರೆ ಲಾಂಚ್ ಬೇಡವೇ ಬೇಡ.

ದುಡ್ಡು ಕೊಟ್ಟು ಸೇರುವುದು, ದುಡ್ಡು ಕೊಡದೆ ನುಗ್ಗುವುದು

ಸ್ಪಾನ್ಸರ್‌ಶಿಪ್ ಅಂದರೆ ಬೇರೆಯವರು ಸೇರಿಸಿದ ಜನರ ಎದುರು ನಿಲ್ಲೋಕೆ ಜಾಗ ಕೊಳ್ಳುವುದು. ಇದರ ಒಳ್ಳೆಯ ಗುಣ: ಕಾರ್ಯಕ್ರಮ ನಡೆಸುವ ತಲೆನೋವು ನಿಮ್ಮದಲ್ಲ, ಜನ ಬರುತ್ತಾರೋ ಇಲ್ಲವೋ ಎಂಬ ಭಯವೂ ಕಡಿಮೆ. ಕೆಟ್ಟ ಗುಣ: ನನ್ನ ಪ್ರಶ್ನೆಯಲ್ಲಿ ಇದು ಸುಲಭವಾಗಿ ಫೇಲ್ ಆಗುತ್ತೆ. ಆಟದ ಕಥೆ ಹೇಳುವವರು ಗೆದ್ದವರ ಹೆಸರು ಹೇಳುತ್ತಾರೆ, ಬೇಲಿಯ ಮೇಲಿನ ಬೋರ್ಡಿನ ಹೆಸರು ಹೇಳುವುದಿಲ್ಲ. ಕೋಕಾ-ಕೋಲಾ ಒಲಿಂಪಿಕ್ಸ್ ಜೊತೆ 1928ರಿಂದ ಇದೆ. ಸ್ಪಾನ್ಸರ್‌ಶಿಪ್ ಹೀಗೆ ಕೆಲಸ ಮಾಡುವುದು, ವರ್ಷಗಟ್ಟಲೆ, ಬಿಡದೆ. ಒಂದೇ ಸಲ ಬ್ಯಾನರ್ ಕಟ್ಟಿ ಬರುವುದು ಹೊಳೆಯಲ್ಲಿ ಹುಣಸೆಹಣ್ಣು ಹಿಂಡಿದಂತೆ. ಇನ್ನೊಂದು ಮಾತು. ಬ್ಯಾನರಿಗೆ ಕೊಟ್ಟಷ್ಟೇ ಹಣವನ್ನು, ನೀವು ಅಲ್ಲಿದ್ದೀರಿ ಅಂತ ಜನರಿಗೆ ತಿಳಿಸೋಕೆ ಬೇರೆ ಇಟ್ಟುಕೊಳ್ಳಿ. ಅದು ಇಲ್ಲದಿದ್ದರೆ ಚಿಕ್ಕ ಕಾರ್ಯಕ್ರಮ ಹುಡುಕಿ.

ನುಗ್ಗುವವರ ಕಥೆ ಹೆಚ್ಚು ಮಜವಾಗಿದೆ. 1996ರ ಅಟ್ಲಾಂಟಾ ಒಲಿಂಪಿಕ್ಸ್‌ಗೆ ನೈಕಿ ಅಧಿಕೃತ ಪ್ರಾಯೋಜಕ ಆಗಿರಲಿಲ್ಲ. ಊರಿನ ಹೋರ್ಡಿಂಗ್‌ಗಳನ್ನು ಹಿಡಿದು, ಕ್ರೀಡಾಗ್ರಾಮದ ಹತ್ತಿರವೇ ತನ್ನದೊಂದು ಕೇಂದ್ರ ತೆರೆಯಿತು. ಮೈಕೆಲ್ ಜಾನ್ಸನ್ 200 ಮತ್ತು 400 ಮೀಟರ್ ಎರಡನ್ನೂ ಗೆದ್ದರು, ಕಾಲಲ್ಲಿ ನೈಕಿಯ ಬಂಗಾರ ಬಣ್ಣದ ಶೂ. ನೋಡಿದವರಿಗೆ ನೆನಪುಳಿದದ್ದು ಆ ಶೂ.

2010ರ ವಿಶ್ವಕಪ್ ಫುಟ್‌ಬಾಲ್‌ನಲ್ಲಿ ನೆದರ್‌ಲ್ಯಾಂಡ್ಸ್ ಮತ್ತು ಡೆನ್ಮಾರ್ಕ್ ಪಂದ್ಯ. ಕಿತ್ತಳೆ ಬಣ್ಣದ ಒಂದೇ ಥರದ ಉಡುಪು ತೊಟ್ಟ 36 ಹೆಂಗಸರನ್ನು ಕ್ರೀಡಾಂಗಣದಿಂದ ಹೊರಗೆ ಕಳಿಸಿದರು. ಆ ಉಡುಪು ಬವಾರಿಯಾ ಎಂಬ ಬಿಯರ್ ಕಂಪನಿಯದು. ದೂರಕ್ಕೆ ಅದರ ಹೆಸರೇನೂ ಕಾಣುತ್ತಿರಲಿಲ್ಲ. ಸುಮ್ನೆ ಬಿಟ್ಟಿದ್ದರೆ ಯಾರ ಗಮನಕ್ಕೂ ಬರುತ್ತಿರಲಿಲ್ಲವೇನೋ. ಹೊರಗೆ ಹಾಕಿದ್ದರಿಂದ ಲೋಕವೆಲ್ಲ ಸುದ್ದಿಯಾಯಿತು. ಇಬ್ಬರನ್ನು ಬಂಧಿಸಿದ್ದರು, ಆಮೇಲೆ ಮೊಕದ್ದಮೆ ಕೈಬಿಟ್ಟರು. ಆದರೆ ಆ ಟಿಕೆಟ್‌ಗಳು ಯಾರ ಪಾಲಿನವು ಎಂದು ಹುಡುಕುತ್ತ ಹೋದಾಗ ಬ್ರಿಟನ್ನಿನ ಒಬ್ಬ ಟಿವಿ ಫುಟ್‌ಬಾಲ್ ವಿಶ್ಲೇಷಕ ಕೆಲಸ ಕಳೆದುಕೊಂಡರು. ಕಂಪನಿಗೆ ಹೆಸರು, ಅವರಿಗೆ ಮನೆದಾರಿ.

ಆ ಮೇಲೆ ದೊಡ್ಡ ಕ್ರೀಡಾಕೂಟಗಳ ನಿಯಮ, ಆತಿಥ್ಯ ವಹಿಸುವ ದೇಶಗಳ ಕಾನೂನು ಬಿಗಿಯಾಗುತ್ತಲೇ ಬಂದಿವೆ. ವಕೀಲರ ಖರ್ಚು ತಡೆಯುವ ಶಕ್ತಿ ಇಲ್ಲದವರು ಇತ್ತ ತಲೆ ಹಾಕದಿರುವುದು ಒಳ್ಳೇದು.

ಸ್ಟಂಟ್

ಎಲ್ಲರಿಗೂ ಆಸೆ ಹುಟ್ಟಿಸುವ ದಾರಿ, ನಾನು ಜಾಸ್ತಿ ಹೆದರುವ ದಾರಿ.

1896ರ ಸೆಪ್ಟೆಂಬರ್ 15ರಂದು ಟೆಕ್ಸಾಸ್‌ನಲ್ಲಿ ಒಂದು ರೈಲ್ವೆ ಕಂಪನಿ ಎರಡು ಹಳೆಯ ಉಗಿ ರೈಲುಗಳನ್ನು ಎದುರುಬದುರು ಓಡಿಸಿ ಡಿಕ್ಕಿ ಹೊಡೆಸಿತು. ಯೋಚನೆ ವಿಲಿಯಂ ಕ್ರಷ್ ಎಂಬ ಅಧಿಕಾರಿಯದು. ನೋಡೋಕೆ ಟಿಕೆಟ್ ಇಲ್ಲ, ಅಲ್ಲಿಗೆ ಬರೋಕೆ ಮಾತ್ರ ರೈಲು ಟಿಕೆಟ್. ಜಾಣ ಲೆಕ್ಕ! ಸುಮಾರು 40,000 ಜನ ಸೇರಿದರು. ಬಾಯ್ಲರ್ ಸಿಡಿಯುವುದಿಲ್ಲ ಅಂತ ಎಂಜಿನಿಯರುಗಳು ಹೇಳಿದ್ದರು. ಎರಡೂ ಸಿಡಿದವು. ಕಬ್ಬಿಣದ ಚೂರುಗಳು ಜನರ ಮೇಲೆ ಹಾರಿದವು. ಕಡೇಪಕ್ಷ ಇಬ್ಬರು ಸತ್ತರು, ಚಿತ್ರ ತೆಗೆಯೋಕೆ ಬಂದ ಫೋಟೋಗ್ರಾಫರ್ ಒಂದು ಕಣ್ಣು ಕಳೆದುಕೊಂಡ. ಕ್ರಷ್‌ನನ್ನು ಕೆಲಸದಿಂದ ತೆಗೆದರು, ಬಲುಬೇಗ ವಾಪಸ್ ಕರೆದುಕೊಂಡರು. ಕಂಪನಿಗೆ ಅಷ್ಟು ಹೆಸರು ಬಂದಿತ್ತು.

ರೈಲು ಬಿಟ್ಟು ಈ ಕಥೆ ಹೇಳೋಕೆ ಆಗಲ್ಲ, ಹಾಗಾಗಿ ಇದು ನನ್ನ ಪ್ರಶ್ನೆಯಲ್ಲಿ ಪಾಸಾಗಿಬಿಡುತ್ತೆ, ಅದೇ ತೊಂದರೆ. ಹಾಗಾಗಿ ಸ್ಟಂಟ್‌ಗೆ ಮಾತ್ರ ಇನ್ನೊಂದು ಪ್ರಶ್ನೆ ಬೇಕು: ಕೆಟ್ಟರೆ ಪೆಟ್ಟು ಯಾರಿಗೆ? ಬಾಮ್‌ಗಾರ್ಟ್ನರ್ ಜಿಗಿತದಲ್ಲಿ ಅಪಾಯ ಇದ್ದದ್ದು ತಿಳಿದು ಒಪ್ಪಿಕೊಂಡ ಒಬ್ಬರಿಗೆ. ಟೆಕ್ಸಾಸ್‌ನಲ್ಲಿ ಸುಮ್ನೆ ನೋಡೋಕೆ ಬಂದವರಿಗೆ.

1986ರ ಸೆಪ್ಟೆಂಬರ್‌ನಲ್ಲಿ ಕ್ಲೀವ್‌ಲ್ಯಾಂಡ್ ನಗರದಲ್ಲಿ ಒಂದು ದತ್ತಿ ಸಂಸ್ಥೆ ಸುಮಾರು 15 ಲಕ್ಷ ಬಲೂನುಗಳನ್ನು ಒಟ್ಟಿಗೆ ಹಾರಿಬಿಟ್ಟಿತು. ಉದ್ದೇಶ ಒಳ್ಳೆಯದೇ, ದೃಶ್ಯವೂ ಚೆಂದ. ಮಳೆಗಾಳಿ ಬಂದು ಬಲೂನುಗಳನ್ನು ಕೆಳಕ್ಕೆ ತಳ್ಳಿತು. ರಸ್ತೆಯಲ್ಲಿ ಬಲೂನು, ವಿಮಾನ ನಿಲ್ದಾಣದಲ್ಲಿ ಬಲೂನು, ಈರೀ ಸರೋವರದ ತುಂಬ ಬಲೂನು. ಅದೇ ಹೊತ್ತಿಗೆ ಕಾಣೆಯಾಗಿದ್ದ ಇಬ್ಬರು ಮೀನುಗಾರರನ್ನು ನೀರಿನಲ್ಲಿ ಹುಡುಕುತ್ತಿದ್ದವರಿಗೆ, ತಲೆ ಯಾವುದು ಬಲೂನು ಯಾವುದು ಗೊತ್ತಾಗದಂತಾಯಿತು. ಇಬ್ಬರೂ ಆಮೇಲೆ ಶವವಾಗಿ ಸಿಕ್ಕರು. ಗಾಳಿ ಯಾವ ಕಡೆ ಬೀಸುತ್ತೆ ಅನ್ನುವುದು ಕಾರ್ಯಕ್ರಮ ಪಟ್ಟಿಯಲ್ಲಿ ಇರಲಿಲ್ಲ.

2007ರ ಜನವರಿ 31ರಂದು ಬಾಸ್ಟನ್‌ನಲ್ಲಿ ಒಂದು ಕಾರ್ಟೂನಿನ ಪ್ರಚಾರಕ್ಕೆ ಅಲ್ಲಲ್ಲಿ ಅಂಟಿಸಿದ್ದ ಮಿಣುಕು ದೀಪದ ಫಲಕಗಳನ್ನು ಕಂಡು, ಪೊಲೀಸರು ಬಾಂಬ್ ಇರಬಹುದು ಅಂತ ರಸ್ತೆ, ಸೇತುವೆ ಮುಚ್ಚಿದರು. ಕಂಪನಿ 20 ಲಕ್ಷ ಡಾಲರ್ ಕಟ್ಟಿತು, ಚಾನೆಲ್ಲಿನ ಮುಖ್ಯಸ್ಥರು ರಾಜೀನಾಮೆ ಕೊಟ್ಟರು. ಅದೇ ಫಲಕಗಳು ಬೇರೆ ಊರುಗಳಲ್ಲೂ ಇದ್ದವು, ಅಲ್ಲಿ ಯಾರೂ ಹೆದರಲಿಲ್ಲ. ಪೊಲೀಸರಿಗೆ ಒಂದು ಮಾತು ಮೊದಲೇ ಹೇಳಿಬಿಟ್ಟರೆ ಗುಟ್ಟು ಹೋಗುತ್ತೆ ಅನ್ನುವವರಿಗೆ ನಾನು ಈ ಕಥೆ ಹೇಳುತ್ತೇನೆ.

ಎಲ್ಲ ಸ್ಟಂಟೂ ದುರಂತವಾಗಬೇಕಿಲ್ಲ. ಕೆಲವು ಬರೀ ಕರಗಿ ಹೋಗುತ್ತವೆ. 2005ರ ಜೂನ್‌ನಲ್ಲಿ ಸ್ನ್ಯಾಪಲ್ ಎಂಬ ಪಾನೀಯ ಕಂಪನಿ ನ್ಯೂಯಾರ್ಕಿನ ಯೂನಿಯನ್ ಸ್ಕ್ವೇರ್‌ನಲ್ಲಿ 25 ಅಡಿಯ, ಹದಿನೇಳೂವರೆ ಟನ್ನಿನ ಐಸ್‌ಕ್ಯಾಂಡಿ ನಿಲ್ಲಿಸಲು ಹೊರಟಿತು. ಬೇಸಿಗೆ! ಅದು ಬೀದಿಗೆಲ್ಲ ಹರಿದು, ಕಡೆಗೆ ಅಗ್ನಿಶಾಮಕ ದಳದವರು ಬಂದು ತೊಳೆದರು.

ಸುದ್ದಿಯ ಬಾಲ ಹಿಡಿಯುವುದು

ಕಾರ್ಯಕ್ರಮ ನಿಮ್ಮದಲ್ಲ, ಆ ಕ್ಷಣ ಮಾತ್ರ ನಿಮ್ಮದು. 2013ರ ಫೆಬ್ರವರಿ 3ರಂದು ನ್ಯೂ ಓರ್ಲಿಯನ್ಸ್‌ನಲ್ಲಿ ಸೂಪರ್ ಬೌಲ್, ಅಂದರೆ ಅಮೆರಿಕನ್ ಫುಟ್‌ಬಾಲ್‌ನ ಫೈನಲ್, ನಡೆಯುವಾಗ ಕರೆಂಟ್ ಹೋಗಿ ಆಟ 34 ನಿಮಿಷ ನಿಂತಿತು. ಕತ್ತಲಲ್ಲೂ ಬಿಸ್ಕತ್ತು ಅದ್ದಿ ತಿನ್ನಬಹುದು ಎಂಬ ಅರ್ಥದ ಒಂದು ಸಾಲನ್ನು ಓರಿಯೋ ಟ್ವಿಟ್ಟರ್‌ನಲ್ಲಿ ಹಾಕಿತು. ಕೋಟಿಗಟ್ಟಲೆ ಸುರಿದು ಜಾಹೀರಾತು ಹಾಕಿದವರಿಗಿಂತ ಅದೊಂದು ಸಾಲೇ ಮಾತಾಯಿತು. ಬಿಟ್ಟಿ ಸಿಕ್ಕಿದ ಪ್ರಚಾರ ಅಂತ ಎಲ್ಲರೂ ಹೇಳುತ್ತಾರೆ. ಆದರೆ ಬರೆಯುವವರು, ಚಿತ್ರ ಮಾಡುವವರು, ಸೈ ಅನ್ನುವ ಅಧಿಕಾರ ಇದ್ದವರು ಆ ರಾತ್ರಿ ಒಂದೇ ಕಡೆ ಕೂತಿದ್ದರು. ನಿಮ್ಮಲ್ಲಿ ಒಂದು ಸಾಲಿಗೆ ಒಪ್ಪಿಗೆ ಸಿಗೋಕೆ ಎರಡು ದಿನ ಬೇಕು ಅಂದರೆ ಈ ದಾರಿ ಮರೆತುಬಿಡಿ.

ಯಾರದೋ ಸಂಕಟದ ಸುದ್ದಿಗಂತೂ ಕೈ ಹಾಕಬೇಡಿ. 2011ರಲ್ಲಿ ಈಜಿಪ್ಟಿನ ಕೈರೋದಲ್ಲಿ ಜನ ಬೀದಿಗಿಳಿದಾಗ, ಫ್ಯಾಶನ್ ಉದ್ಯಮಿ ಕೆನೆತ್ ಕೋಲ್ ಆ ಗಲಾಟೆಯನ್ನು ತನ್ನ ಹೊಸ ಉಡುಪುಗಳಿಗೆ ಸೇರಿಸಿ ತಮಾಷೆ ಮಾಡಿ, ಕ್ಷಮೆ ಕೇಳಬೇಕಾಯಿತು.

ವರ್ಷ ವರ್ಷ ನಡೆಸುವುದು

1903ರಲ್ಲಿ ಪ್ಯಾರಿಸ್‌ನ ಲೋಟೋ ಎಂಬ ಕ್ರೀಡಾ ಪತ್ರಿಕೆ ಎದುರಾಳಿ ಪತ್ರಿಕೆಯ ಮುಂದೆ ಸೋಲುತ್ತಿತ್ತು. ಸಂಪಾದಕ ಆಂರಿ ದೆಗ್ರಾಂಜ್, ಕಿರಿಯ ವರದಿಗಾರನೊಬ್ಬ ಕೊಟ್ಟ ಸಲಹೆ ಹಿಡಿದು, ಫ್ರಾನ್ಸ್ ಸುತ್ತುವ ಸೈಕಲ್ ರೇಸ್ ಶುರು ಮಾಡಿದರು. ಅದೇ ಟೂರ್ ಡಿ ಫ್ರಾನ್ಸ್. 60 ಜನ ಹೊರಟು 21 ಜನ ಮುಟ್ಟಿದರು. ಸುಮಾರು ಮೂರು ವಾರ ದಿನಾ ಹೊಸ ಸುದ್ದಿ, ಆ ಸುದ್ದಿ ಪೂರ್ತಿ ಸಿಗುವುದು ಈ ಪತ್ರಿಕೆಯಲ್ಲಿ. ಮರುವರ್ಷ ಎದುರಾಳಿ ಪತ್ರಿಕೆ ಮುಚ್ಚಿತು. 1919ರಲ್ಲಿ ಮುಂದಿರುವ ಸವಾರನಿಗೆ ಹಳದಿ ಜೆರ್ಸಿ ಬಂತು. ಪತ್ರಿಕೆಯ ಕಾಗದದ ಬಣ್ಣವೂ ಹಳದಿಯೇ ಆಗಿತ್ತು. ಪತ್ರಿಕೆ 1944ರಲ್ಲೇ ನಿಂತಿತು. ಹಳದಿ ಇನ್ನೂ ಓಡುತ್ತಿದೆ.

ತಾಳ್ಮೆ ಇರುವವರಿಗೆ ಇದಕ್ಕಿಂತ ಒಳ್ಳೆಯ ದಾರಿ ಇಲ್ಲ. ಮೊದಲ ಮೂರು ವರ್ಷ ಯಾರೂ ತಿರುಗಿ ನೋಡದಿದ್ದರೂ ನಡೆಸುತ್ತೀರಾ ಅಂತ ಮಾತ್ರ ಮೊದಲೇ ತೀರ್ಮಾನಿಸಿ.

ನಾಯಕರು, ಸಾರ್ವಜನಿಕ ವ್ಯಕ್ತಿಗಳಿಗೆ

ಇವರಿಗೆ ಸರಕಿಲ್ಲ, ಮಾತು ಇದೆ. ಆದ್ದರಿಂದ ಲೆಕ್ಕ ಸ್ವಲ್ಪ ಬೇರೆ. 1930ರ ಉಪ್ಪಿನ ಸತ್ಯಾಗ್ರಹವನ್ನು ಇಲ್ಲಿ ತರುವುದು ಕೆಲವರಿಗೆ ಹಿಡಿಸಲಿಕ್ಕಿಲ್ಲ. ಹೋರಾಟದ ಬೆಲೆಯನ್ನು ನಾನು ಪ್ರಚಾರಕ್ಕೆ ಇಳಿಸುತ್ತಿಲ್ಲ. ಆದರೆ ಕಾರ್ಯಕ್ರಮವಾಗಿ ಅದನ್ನು ಕಟ್ಟಿದ ರೀತಿ ನೋಡಿ. ಗಾಂಧೀಜಿ ಮಾರ್ಚ್ 2ರಂದೇ ವೈಸ್‌ರಾಯ್‌ಗೆ ಪತ್ರ ಬರೆದು ಮೊದಲೇ ತಿಳಿಸಿದರು. ಮಾರ್ಚ್ 12ರಂದು 78 ಜನರ ಜೊತೆ ಸಾಬರಮತಿಯಿಂದ ಹೊರಟರು. ರೈಲಿದ್ದರೂ ನಡೆದರು, ಸುಮಾರು 385 ಕಿಲೋಮೀಟರ್, 24 ದಿನ. ದಿನಕ್ಕೊಂದು ಊರು, ದಿನಕ್ಕೊಂದು ಸುದ್ದಿ, ಮುಂದೇನು ಎಂಬ ಕಾತರ. ಏಪ್ರಿಲ್ 6ರಂದು ದಂಡಿಯಲ್ಲಿ ಕೈಗೆತ್ತಿಕೊಂಡದ್ದು ಬಡವನಿಗೂ ಗೊತ್ತಿರುವ ಉಪ್ಪು. ಬೇಡಿಕೆಯನ್ನು ಬಿಟ್ಟು ಆ ಚಿತ್ರವನ್ನು ವಿವರಿಸೋಕೇ ಬರುವುದಿಲ್ಲ.

ಇದರ ಪಕ್ಕಕ್ಕೆ 2003ರ ಮೇ 1ನ್ನು ಇಡಿ. ಅಮೆರಿಕದ ಅಧ್ಯಕ್ಷ ಜಾರ್ಜ್ ಬುಷ್ ಪೈಲಟ್ ಉಡುಪಿನಲ್ಲಿ ಯುದ್ಧನೌಕೆಯ ಮೇಲೆ ಇಳಿದರು. ಹಿಂದೆ 'ಕೆಲಸ ಮುಗಿಯಿತು' ಎಂಬ ಅರ್ಥದ ದೊಡ್ಡ ಬ್ಯಾನರ್. ಚಿತ್ರ ಅದ್ಭುತವಾಗಿ ಬಂತು. ಇರಾಕ್ ಯುದ್ಧ ಮಾತ್ರ ವರ್ಷಗಟ್ಟಲೆ ಮುಂದುವರಿಯಿತು. ಅವರನ್ನು ಅಣಕಿಸಬೇಕಾದಾಗಲೆಲ್ಲ ಜನ ಆ ಚಿತ್ರವನ್ನೇ ತೆಗೆದರು. ಆ ಬ್ಯಾನರ್ ತಪ್ಪಾಯಿತು ಅಂತ 2009ರಲ್ಲಿ ಅವರೇ ಒಪ್ಪಿಕೊಂಡರು. ನಾಯಕರು ಕೆಲಸ ಶುರುವಾಗುವಾಗ ಜನ ಸೇರಿಸಲಿ, ಮುಗಿಯಿತು ಅಂತ ಸೇರಿಸುವ ಮೊದಲು ನಾಲ್ಕು ಸಲ ಯೋಚಿಸಲಿ.

ಹಿಂದೆ ಯಾರಿದ್ದಾರೆ ಅಂತ ಮುಚ್ಚಿಡುವ ಕಾರ್ಯಕ್ರಮ ಯಾರಿಗೂ ಬೇಡ. 1929ರ ಈಸ್ಟರ್ ದಿನ ನ್ಯೂಯಾರ್ಕಿನಲ್ಲಿ ಕೆಲವು ಯುವತಿಯರು ಸ್ವಾತಂತ್ರ್ಯದ ಹೆಸರಲ್ಲಿ ಬೀದಿಯಲ್ಲಿ ಸಿಗರೇಟು ಹಚ್ಚಿದರು. ಏರ್ಪಾಡು ಮಾಡಿದವರು ತಂಬಾಕು ಕಂಪನಿಗೆ ಕೆಲಸ ಮಾಡುತ್ತಿದ್ದ ಎಡ್ವರ್ಡ್ ಬರ್ನೇಸ್. ಇವತ್ತು ಆ ದಿನದ ಮಾತು ಬಂದರೆ ಜನ ಮೊದಲು ಹೇಳುವುದು ಆ ಮೋಸವನ್ನೇ.

ಹಾಗಾದರೆ ನಿಮಗೆ ಯಾವುದು?

ಚಿಕ್ಕ ವ್ಯಾಪಾರ, ಒಳ್ಳೆಯ ಸರಕು: ಮಾಡಿ ತೋರಿಸಿ. ಐವತ್ತು ಜನರ ಎದುರು ಮಾಡಿದರೂ ಸಾಕು, ವಿಡಿಯೋ ತೆಗೆಯಿರಿ. ಸರಕು ಸಾಧಾರಣ, ಆದರೆ ಜನರ ಜೊತೆ ಒಡನಾಟ ಚೆನ್ನಾಗಿದೆ ಅಂದರೆ ವರ್ಷ ವರ್ಷ ನಡೆಸುವ ಚಿಕ್ಕ ಕಾರ್ಯಕ್ರಮವೇ ಸರಿ. ಹಣ ಇದೆ, ಜನ ಇಲ್ಲ: ಸ್ಪಾನ್ಸರ್ ಮಾಡಿ, ಐದು ವರ್ಷಕ್ಕೆ. ಚುರುಕಾದ ಇಬ್ಬರು ಹುಡುಗರು ಕೈಯಲ್ಲಿದ್ದರೆ ಸುದ್ದಿಯ ಬಾಲ ಹಿಡಿಯಿರಿ. ಸ್ಟಂಟ್ ಮಾಡಲೇಬೇಕು ಅನ್ನುವವರು ಮೊದಲು ಹವಾಮಾನ ನೋಡಿ, ಆಮೇಲೆ ಪೊಲೀಸರ ಹತ್ತಿರ ಹೋಗಿ.

ಕೊಡೋಕೆ ಆಗದ್ದನ್ನು ಮಾತ್ರ ಮೊದಲೇ ಮಾರಬೇಡಿ. 2017ರ ಫೈರ್ ಎಂಬ ಸಂಗೀತ ಉತ್ಸವಕ್ಕೆ ರೂಪದರ್ಶಿಯರ ಚಿತ್ರಗಳಿಂದಲೇ ಬೇಕಾದಷ್ಟು ಗಮನ ಸಿಕ್ಕಿತ್ತು. ಬಹಾಮಾಸ್ ದ್ವೀಪಕ್ಕೆ ಬಂದವರಿಗೆ ಸಿಕ್ಕಿದ್ದು ಒದ್ದೆ ಹಾಸಿಗೆ, ಡೇರೆ. ನಡೆಸಿದವನಿಗೆ ಆರು ವರ್ಷ ಜೈಲು.

ಏನೇ ಮಾಡಿದರೂ ಮೂರನೇ ದಿನ, ಬಂದವರಲ್ಲಿ ಐದು ಜನರಿಗೆ ಫೋನ್ ಮಾಡಿ. ಅವತ್ತು ಏನಾಯಿತು ಅಂತ ಕೇಳಿ, ನಡುವೆ ಬಾಯಿ ಹಾಕಬೇಡಿ. ಆ ನೀರಿನ ಯಂತ್ರದ ಕಾರ್ಯಕ್ರಮ ಮುಗಿದ ಮೇಲೆ ನಾನು ಹಾಗೆ ಮಾಡಿದ್ದೆ. ನಾಲ್ಕು ಜನ ನಟರ ಬಗ್ಗೆ ಹೇಳಿದರು. ಐದನೆಯವರು ಸ್ವಲ್ಪ ಯೋಚಿಸಿ, "ಕಡೆಯಲ್ಲಿ ಯಾರೋ ಒಬ್ಬರು ನೀರು ಕುಡೀತಿದ್ರಲ್ಲ, ಅವರ ಹತ್ರ ಕೇಳಿ, ಅವರಿಗೆ ಗೊತ್ತಿರುತ್ತೆ" ಅಂದರು.